ಬ್ಯಾಡ

ಕೊಡದ ಬಾಯಿಗೆ ಕಟ್ಟಿದ ಸೋಸುವ ಬಟ್ಟೆ ಒಂದು ಕಡೆ ಜಾರುತ್ತಿದೆ, ಎಡಗೈಯಲ್ಲಿ ಅದನ್ನು ಹಿಡಿದು ನೀರನ್ನು ನಿಧಾನ ಸುರಿಯಬೇಕು, ಅತ್ತೆ ಕಲಿಸಿದ ಹಾಗೆ, ಒಂದು ಹುಳವೂ ಸಾಯಬಾರದು — ಅಷ್ಟರಲ್ಲಿ ಫೋನು, ಕೈ ಹಸಿ, ಸ್ಪೀಕರಿಗೆ ಹಾಕಿದೆ, ಇಚಲಕರಂಜಿಯಿಂದ, ಅತ್ತೆಯನ್ನು ಇಟ್ಟಿರುವ ವೃದ್ಧರ ಆರೈಕೆ ಮನೆಯ ನೂತನ ಸಿಸ್ಟರು, ವಹಿನಿ, ಆಜೀಂನೀ ನಳೀ ಕಾಢಲೀ, ಊಟಕ್ಕೆಂದು ಮೂಗಿಗೆ ಹಾಕಿದ್ದ ನಳಿಯನ್ನು ಅವರೇ ಕಿತ್ತಿದ್ದಾರೆ, ಡಾಕ್ಟರು ಮತ್ತೆ ಹಾಕುತ್ತಾರೆ, ಈ ಸಲ ಕೈ ಕಟ್ಟಬೇಕಾಗುತ್ತದೆ, ಚಾಲೇಲ ನಾ, ನಡೆಯುತ್ತದೆಯೇ ಎಂದು ಕೇಳುತ್ತಿದ್ದಾಳೆ, ಒಳ್ಳೆಯ ಹುಡುಗಿ, ಆಜೀಂದು ಮಾತ್ರ ಒಂದೇ ಹಟ, ಬೆಡ್ ಬೆಡ್ ಅಂತಾರೆ, ಮಂಚ ಏರಿಸಿದರೂ ಅದೇ, ಇಳಿಸಿದರೂ ಅದೇ. ಹೋ, ಚಾಲೇಲ, ಹೂಂ ನಡೆಯುತ್ತದೆ, ಎಂದೆ. ಎಷ್ಟು ಬೇಗ ಅಂದುಬಿಟ್ಟೆ.

ಬೆಡ್ ಅಲ್ಲ ಅದು, ಬ್ಯಾಡ. ಮೊನ್ನೆ ನಳಿ ಮೂಗಿನ ಹತ್ತಿರ ಬಂದಾಗ ನನ್ನನ್ನೇ ನೋಡಿ ಅಂದರು, ಬ್ಯಾಡ, ಬ್ಯಾಡ, ಹಲ್ಲಿಲ್ಲದ ಬಾಯಿ, ನೂತನ ಬಗ್ಗಿ ಮಂಚದ ಹಿಡಿಕೆ ತಿರುವಿದಳು, ತಲೆಯ ಕಡೆ ಕಿರ್ರೆಂದು ಮೇಲೇರಿತು, ಅದರ ಜೊತೆ ಅತ್ತೆಯ ಮುಖವೂ ಏರಿ ನನ್ನ ಮುಖದೆದುರು ಬಂದು ನಿಂತಿತು, ಆತಾ ಬರಂ ವಾಟತಂಯ ನಾ ಆಜೀ, ಈಗ ಹಾಯೆನಿಸಿತಲ್ಲ ಎಂದು ನೂತನ ನಕ್ಕಳು, ನಾನೂ ನಕ್ಕೆ, ಮಗಳು ಸೋನಲ ನನ್ನ ಸೆರಗು ಜಗ್ಗಿದಳು. ಉದಗಾಂವಕ್ಕೆ ಸೊಸೆಯಾಗಿ ಬಂದು ಮುದುಕಿಯಾದರೂ ಅತ್ತೆ ಮರಾಠಿ ಕಲಿಯಲಿಲ್ಲ, ಇಲ್ಲಿ ಎಮ್ಮಿಗೋಳಿಗೆ ಸೈತ ಕನ್ನಡ ತಿಳಿತೈತಿ, ನಾ ಯಾಕ ಕಲೀಲಿ ಅನ್ನುತ್ತಿದ್ದರು, ನಗುತ್ತಿದ್ದೆವು. ಬಾಯಾಗ ಣಮೋಕಾರ ಮಂತ್ರ ಇರೂಮಟ ಇರತೇನಿ, ನಳಿಗಿಳಿ ಹಾಕಸಬ್ಯಾಡ ಯವ್ವಾ — ಕಾಳು ಹಸನು ಮಾಡುತ್ತ ಅಂದಿದ್ದರು, ಆಗಲ್ರಿ ಅತ್ತಿ ಅಂದವಳು ನಾನೇ. ಇವರಾದರೂ ಕೇಳಿದರು, ಜಯಸಿಂಗಪುರದ ಅಂಗಡಿಯಿಂದ, ನೀ ಹತ್ರ ಇದ್ದಿ, ಅವ್ವ ಏನಂತಾಳ ನೋಡು, ಆಕಿ ಹೇಳಿದಂಗ ಮಾಡೂಣು, ಏನೂ ಅನ್ನವಲ್ರು, ಅಂದೆ ನಾನು. ನಾದಿನಿ ವೃಷಾಲಿ ಗಡಹಿಂಗ್ಲಜದಿಂದ, ವೈನಿ, ಹೊಟ್ಟಿಗೆ ಹೋಗಾಕತ್ತೈತಿಲ್ಲೋ, ಮಂದಿ ಸುಮ್ಮನ ಇರೂದಿಲ್ಲ ನೋಡ್ರಿ — ಸೊಸಿ ಉಪವಾಸ ಕೆಡವಿದಳು ಅಂತಾರೆ, ಅದೊಂದು ಮಾತಿಗೆ ಹೆದರಿದೆ, ಅಷ್ಟೇ, ಬೇರೆ ಏನೂ ಇಲ್ಲ, ಬದುಕಲಿ ಎಂಬ ಆಸೆ ಎಂದು ಹೇಳಿಕೊಳ್ಳುತ್ತೇನೆ, ಸುಳ್ಳು, ಅತ್ತೆಯ ಕೈಗೆ ಹಗ್ಗ ಬೀಳಲಿ ನನ್ನ ಹೆಸರು ಉಳಿಯಲಿ, ಇಷ್ಟೇ ಲೆಕ್ಕ. ಹಗ್ಗ ಇರಲಿಕ್ಕಿಲ್ಲ, ಬಟ್ಟೆಯ ಪಟ್ಟಿ ಇರಬಹುದು, ಮೆತ್ತಗಿನದು. ಫೋನು ಎದುರಿಗೇ ಇದೆ, ನಳಿ ಇನ್ನೂ ಹಾಕಿರಲಿಕ್ಕಿಲ್ಲ, ಒಂದು ಮಾತು ಸಾಕು — ಹಿಡಿಕೆ ತಿರುಗುತ್ತದೆ, ಮಂಚ ಏರುತ್ತದೆ, ಮುಖ ನನ್ನ ಮುಖದೆದುರು ಬಂದು ನಿಲ್ಲುತ್ತದೆ, ಕಣ್ಣು ನನ್ನ ಬಾಯಿಯ ಮೇಲೆ, ಹಿಡಿಕೆ ತಿರುಗುತ್ತದೆ, ಮಂಚ ಏರುತ್ತದೆ, ಮುಖ —

ಅರ್ಧ ಹೆಣೆದ ಜಡೆ ಹಿಡಿದುಕೊಂಡು ಸೋನಲ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ.

ಅವ್ವಾ, ಮರಾಠಿಯೊಳಗ ಬ್ಯಾಡ ಅನ್ನಾಕ ಏನಂತಾರ, ನಿನಗ ಗೊತ್ತಿಲ್ಲೇನು?