ಹನ್ನೊಂದು ಪುತಳಿ

ಹಸಿರು ಬಳೆ ಗುರವ್ವನ ಕೈಗೆ ಏರಲೊಲ್ಲದಾಗಿತ್ತು. ಮೈಮುನಬಿ ಕೊಬ್ಬರಿ ಎಣ್ಣೆ ಹಚ್ಚಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಒತ್ತಿ ಕೂಡಿಸಿ, ಬಳೆಯನ್ನು ಮೆಲ್ಲಗೆ ದೂಡಿದಳು. ಸಂಶಿ ಊರಿನ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿ ಮುದುಕಿಯಾದವಳು ಅವಳು.

"ಎರಡು ಹಾಕಿ ಬಿಡವಾ, ಸಾಕು" ಎಂದಳು ಪಡಸಾಲೆಯಲ್ಲಿ ಕೂತ ಹೆಂಗಸೊಬ್ಬಳು.

"ಎರಡ ಯಾಕ? ಕೈ ತುಂಬ ಹಾಕ್ತೀನಿ. ಮುತ್ತೈದಿ ಹೊಂಟಾಳ" ಎಂದು ಮೈಮುನಬಿ ದನಿ ಏರಿಸಿದಳು. "ನಲವತ್ತೆರಡು ವರ್ಷ ಬಾಳೇ ಮಾಡಿದಾಕಿ. ಕೊಳ್ಳಾಗ ನೋಡ್ರಿ, ಕರೀಮಣಿ ಬಿಟ್ರ ಒಂದು ಗುಂಜಿ ಬಂಗಾರ ಇಲ್ಲ. ಅದೂ ಯಾರ ಮನ್ಯಾಗ!"

ಅಂಗಳದಲ್ಲಿ ಕೂತಿದ್ದ ಗಂಡ ಶಂಭುಲಿಂಗಪ್ಪನಿಗೆ ಕೇಳಲೆಂದೇ ಆಡಿದ ಮಾತು ಅದು. ಕೇಳಿತು. ಕೇಳಿಸದವನಂತೆ ಧೋತರದ ಚುಂಗು ಸರಿಮಾಡಿಕೊಂಡ.

ಹತ್ತಿಯ ದಲಾಲಿ ಮಾಡುತ್ತಿದ್ದ ಈ ಮನುಷ್ಯನಿಗೆ ಸುತ್ತಲಿನ ಹತ್ತು ಹಳ್ಳಿಯಲ್ಲಿ ಪುತಳಿ ಶಂಭುಲಿಂಗಪ್ಪ ಎಂದೇ ಹೆಸರು. ಇನ್ನೂರು ಮುನ್ನೂರು ವರ್ಷಗಳ ಹಿಂದೆ ಇಟಲಿಯ ವೆನಿಸ್ ಎಂಬ ಊರಿನ ಟಂಕಸಾಲೆಯಲ್ಲಿ ಅಚ್ಚಾಗಿ, ಹಡಗು ಹತ್ತಿ, ನೂರು ಕೈ ದಾಟಿ, ಕೊನೆಗೆ ನಮ್ಮ ಕಡೆಯ ಹೆಂಗಸರ ಕೊರಳಿಗೆ ಬಂದ ಬಂಗಾರದ ನಾಣ್ಯಗಳಿಗೆ ಪುತಳಿ ಎನ್ನುತ್ತಾರೆ. ಅಂಥ ಅರವತ್ಮೂರು ನಾಣ್ಯ ಅವನ ತಗಡಿನ ಪೆಟ್ಟಿಗೆಯಲ್ಲಿದ್ದವು. ಅರವತ್ಮೂರರಲ್ಲಿ ಒಂದನ್ನೂ ಹೆಂಡತಿ ಮುಟ್ಟುವಂತಿರಲಿಲ್ಲ.

ಹನ್ನೊಂದು ಗಂಟೆಯ ಬಸ್ಸಿಗೆ ದುಮ್ಮವಾಡದಿಂದ ಗುರವ್ವನ ತಂಗಿ ರೇವವ್ವ ಬಂದಳು. ತವರಿನ ಸೀರೆ ತಂದಿದ್ದಳು. ಪಡಸಾಲೆಯಲ್ಲಿ ಕೂಡಿಸಿದ್ದ ಅಕ್ಕನ ಹೆಣದ ಮುಖ ನೋಡಿ, ಗೋಡೆಗೆ ಹಣೆ ಹಚ್ಚಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ನೆಟ್ಟಗೆ ಅಂಗಳಕ್ಕೆ ಹೋದಳು.

"ಮಾಮಾ, ನಮ್ಮವ್ವನ ಪುತಳಿ ಕೊಡ್ರಿ. ಅಕ್ಕನ ಉಡಿ ತುಂಬಬೇಕು."

"ಎದಕ್ಕ?"

"ಎದಕ್ಕ ಅಂತ ಕೇಳ್ತೀರೇನು? ಆಕಿ ಬೇಡ್ಯಾಳ. ಮಣ್ಣಾಗ ಹಾಕ್ರಿ ಅಂದಿಲ್ಲ. ಕುಣಿಗೆ ಇಳಸೂ ಮುಂದ ತಗದು ನಿಮ್ಮ ಕೈಯಾಗ ಇಡ್ತೀನಿ."

"ಅವನ್ನ ಹಂಗ ಮುಟ್ಟಬಾರ್ದು ರೇವವ್ವಾ. ಎಣ್ಣಿ, ಅರಿಷಿಣ, ಬೆವರು ತಾಕಿದ್ರ ಅಕ್ಷರ ಅಳಸ್ತಾವು. ನಿಮಗ ಅದೆಲ್ಲಾ ತಿಳಿಯೂದಿಲ್ಲ."

"ಹೌದ್ರಿ, ನಮಗೇನು ತಿಳೀತೈತಿ. ಸತ್ತಾಕಿ ಬೆವರೂದಿಲ್ಲ ಅನ್ನೂದಷ್ಟ ತಿಳೀತೈತಿ."

ಅಂಗಳದ ಮೂಲೆಯಲ್ಲಿ ಕೂತ ಭಜನೆಯವರ ತಾಳ ನಿಂತುಬಿಟ್ಟಿತು. ಶಂಭುಲಿಂಗಪ್ಪ ಮತ್ತೆ ಧೋತರದ ಚುಂಗಿಗೆ ಕೈ ಹಾಕಿದ. ಕೊಡುತ್ತೇನೆ ಎನ್ನಲಿಲ್ಲ.

*

ಗುರವ್ವ ಸೊಸೆಯಾಗಿ ಬಂದಾಗ ಕೊರಳಲ್ಲಿ ಹನ್ನೊಂದು ಪುತಳಿಯ ಸರವಿತ್ತು. ಅವರವ್ವ ತನ್ನ ಕೊರಳಿನಿಂದ ತೆಗೆದು ಹಾಕಿದ್ದು. ಒಂದೊಂದರ ಮೇಲೂ ನಿಂತವನೊಬ್ಬ, ಅವನೆದುರು ಮೊಣಕಾಲೂರಿದವನೊಬ್ಬ. "ನಿಂತಾಂವ ಗುರು, ಊರಿದಾಂವ ಶಿಷ್ಯ. ಸಿಟ್ಟು ಬಂದಾಗ ಇದನ್ನ ಹಿಡಕೊಂಡು ತಾಳ್ಕೊ ಮಗಳ" ಎಂದು ಹೇಳಿ ಕಳಿಸಿದ್ದಳು. ಆ ಮಾತನ್ನು ಗುರವ್ವ ಸಾಯುವ ತನಕ ಪಾಲಿಸಿದಳು. ಪಾಲಿಸಬಾರದಿತ್ತು.

ಮದುವೆಯಾದ ಎರಡನೆಯ ವರ್ಷ ಶಂಭುಲಿಂಗಪ್ಪ ಹತ್ತಿಯ ಕೆಲಸಕ್ಕೆ ಮುಂಬೈಗೆ ಹೋದ. ಅಲ್ಲಿ ಹಳೆಯ ನಾಣ್ಯದ ವ್ಯಾಪಾರಿಯೊಬ್ಬ, ನಿಂತವನು ಒಬ್ಬ ಸಂತ, ಮೊಣಕಾಲೂರಿದವನು ವೆನಿಸ್ಸಿನ ದೊರೆ, ಪ್ರತಿ ದೊರೆಗೂ ಬೇರೆ ಬೇರೆ ಅಚ್ಚು ಎಂದು ಹೇಳಿಕೊಟ್ಟ. ಹೇಳಿ, ಸರಕ್ಕೆ ಪೋಣಿಸಲು ಕೊಂಡಿ ಹಚ್ಚಿದ ನಾಣ್ಯ ನಾಣ್ಯವೇ ಅಲ್ಲ ಎಂದೂ ಅಂದ. ಇವನು ಊರಿಗೆ ಬಂದವನೇ "ತೊಳಿಸಿಕೊಂಡು ಬರ್ತೀನಿ" ಎಂದು ಹೆಂಡತಿಯ ಸರ ಬಿಚ್ಚಿಸಿಕೊಂಡು ಹುಬ್ಬಳ್ಳಿಯಲ್ಲಿ ಬಂಗಾರದ ಕೆಲಸದ ಪತ್ತಾರನ ಹತ್ತಿರ ಹೋದ. ಹನ್ನೊಂದೂ ಕೊಂಡಿ ಕತ್ತರಿಸಿ, ಬೆಸುಗೆ ಉಜ್ಜಿಸಿದ.

ಸಂಜೆ ಒಂದು ಕಾಗದದ ಪೊಟ್ಟಣ ತಂದು ಅವಳ ಕೈಗಿತ್ತ. ಒಳಗೆ ಹನ್ನೊಂದು ಕೊಂಡಿ.

"ತಗೋ. ನಿನ್ನ ಬಂಗಾರದಾಗ ನಾ ಒಂದು ಗುಂಜಿನೂ ಇಟಗೊಂಡಿಲ್ಲ" ಎಂದ. ಪುತಳಿಯ ಮಾತೇ ಎತ್ತಲಿಲ್ಲ. ಅವು ಆಗಲೇ ಅವನ ಲೆಕ್ಕದಲ್ಲಿ ವೆನಿಸ್ಸಿನ ದೊರೆಗಳಾಗಿದ್ದವು. ಗುರವ್ವ ಆ ಕೊಂಡಿಗಳನ್ನು ಕರಗಿಸಿ ಮೂಗಿಗೆ ಒಂದು ಬಟ್ಟು ಮಾಡಿಸಿಕೊಂಡಳು.

ಅಲ್ಲಿಂದ ಮುಂದೆ ಶಂಭುಲಿಂಗಪ್ಪ ಅರಳೆ ನೋಡಲು ಹೋದ ಹಳ್ಳಿಯಲ್ಲೆಲ್ಲ ಹೆಂಗಸರ ಕೊರಳು ನೋಡಿದ. ತೂಕಕ್ಕೆ ತೂಕ ಹೊಸ ಬಂಗಾರ ಕೊಟ್ಟು ಹಳೆಯ ಪುತಳಿ ತಂದ. ಊರವರ ಹೆಂಡಿರಿಗೆ ಹೊಸ ಬಂಗಾರ ಸಿಕ್ಕಿತು. ತನ್ನ ಹೆಂಡತಿಗೆ ಅದೂ ಇಲ್ಲ.

*

ಹೋದ ವರ್ಷ ಧಾರವಾಡದಿಂದ ಇಬ್ಬರು ಪ್ರೊಫೆಸರರು ಪುತಳಿ ನೋಡಲು ಬಂದಿದ್ದರು. ಗುರವ್ವ ಚಹಾ ತಂದಾಗ ಅವರಲ್ಲೊಬ್ಬರು, "ಮೊಟ್ಟಮೊದಲು ಇವು ನಿಮಗೆ ಎಲ್ಲಿ ಸಿಕ್ಕವು?" ಎಂದು ಕೇಳಿದರು.

"ಅವು ನಮ್ಮವ್ವನವ್ರಿ" ಎಂದಳು ಗುರವ್ವ. ಹೊರಗಿನವರ ಎದುರು ಅವಳು ಆಡಿದ ಮಾತು ಅದೊಂದೇ ಇರಬೇಕು.

ಶಂಭುಲಿಂಗಪ್ಪ ನಕ್ಕ. "ಹೆಂಗಸರಿಗೆ ಬಂಗಾರ ಕಂಡ್ರ ಸಾಕು ನೋಡ್ರಿ, ಎಲ್ಲಾ ಅವರವ್ವಂದ." ಪ್ರೊಫೆಸರರೂ ನಕ್ಕರು. ಓದಿದವರು, ಪಾಪ, ಮನೆಯ ಯಜಮಾನ ನಕ್ಕಾಗ ನಗಬೇಕೆಂಬುದನ್ನೂ ಓದಿಕೊಂಡಿದ್ದರು.

ಹದಿನೈದು ದಿನದ ಹಿಂದೆ, ಹಾಸಿಗೆ ಹಿಡಿದಾಗ, ಗುರವ್ವ ತಂಗಿಯ ಕೈ ಹಿಡಿದು ಹೇಳಿದ್ದಳು: "ರೇವಿ, ಅವ್ವನ ಪುತಳಿ ನನ್ನ ಉಡ್ಯಾಗ ಹಾಕಸು. ಒಂದಾದ್ರೂ ಅಡ್ಡಿಯಿಲ್ಲ. ಇಲ್ಲಿಂದ ಕುಣೀತನಕ ಸಾಕು. ತವರಿನಿಂದ ಬರೇ ಕೈಲೆ ಬಂದಾಕಿ ಅನ್ನಬಾರ್ದು."

*

"ಅಪ್ಪಾ, ತಂದು ಕೊಡು" ಎಂದ ಮಗ ಈರಪ್ಪ. ಕುಂದಗೋಳದಲ್ಲಿ ಗುಮಾಸ್ತನಾಗಿದ್ದ ಅವನು ನಲವತ್ತು ವರ್ಷದಲ್ಲಿ ಅಪ್ಪನಿಗೆ ಎದುರಾಡಿದವನಲ್ಲ. "ಮಂದಿ ನೋಡಾಕತ್ತೈತಿ."

ಹೆಂಡತಿಯ ಮಾತಿಗೆ ಬಾಗದವನು ಮಂದಿಗೆ ಬಾಗಿದ. ಒಳಗೆ ಹೋಗಿ ಪೆಟ್ಟಿಗೆ ತಂದು, ಹೆಣದ ಮುಂದೆ ಕೂತು ಬೀಗ ತೆಗೆದ. ಸಣ್ಣ ಸಣ್ಣ ಕಾಗದದ ಚೀಲಗಳು, ಸಾಲಾಗಿ, ಒಂದೊಂದರ ಮೇಲೂ ಅವನ ದುಂಡಗಿನ ಅಕ್ಷರ.

"ಅಕ್ಕನವು ಯಾವು?" ಎಂದಳು ರೇವವ್ವ.

ಶಂಭುಲಿಂಗಪ್ಪ ಕನ್ನಡಕ ಏರಿಸಿಕೊಂಡ. "ಇದು ಮೊಸೆನಿಗೊ ದೊರೀದು. ಇದು ರೆನಿಯರ್. ಇವು ಆರು ಮಾನಿನ್, ಕಡೀ ದೊರಿ..."

"ನಾ ದೊರಿ ಕೇಳಿಲ್ರಿ. ನಮ್ಮವ್ವನವು ಯಾವು?"

ಅವನ ಬೆರಳು ಚೀಲಗಳ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಎಲ್ಲ ದೊರೆಗಳ ಹೆಸರಿತ್ತು, ಆಳಿದ ವರ್ಷವಿತ್ತು, ತೂಕವಿತ್ತು. ಕೆಲವುಗಳ ಮೇಲೆ ಸಿಕ್ಕ ಊರಿನ ಹೆಸರೂ ಇತ್ತು: ಬಮ್ಮಿಗಟ್ಟಿ, ಅಣ್ಣಿಗೇರಿ, ನವಲಗುಂದ. ದುಮ್ಮವಾಡ ಎಂದು ಒಂದರ ಮೇಲೂ ಇರಲಿಲ್ಲ. ಮನೆಯಲ್ಲೇ ಸಿಕ್ಕಿದ್ದಕ್ಕೆ ಊರಿನ ಹೆಸರು ಯಾಕೆ ಬರೆಯಬೇಕು?

"ಅವು... ಮೊದಲಿನವು. ಆವಾಗ ನಾ ಬರದು ಇಡತಿದ್ದಿಲ್ಲ. ಎಲ್ಲಾ ಕೂಡಿ ಬಿಟ್ಟಾವು."

"ಗುರುತು ಹತ್ತೂದಿಲ್ಲ?"

"ಇಲ್ಲ."

ಮೈಮುನಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಶಂಭುಲಿಂಗಪ್ಪ ಗಡಬಡಿಸಿ ಒಂದು ಚೀಲ ಹುಡುಕಿ, ಒಂದು ಪುತಳಿ ತೆಗೆದು ಚಾಚಿದ. ನಿಂತವನೂ ಮೊಣಕಾಲೂರಿದವನೂ ಅರ್ಧಕ್ಕರ್ಧ ಅಳಿಸಿಹೋಗಿದ್ದರು. "ಇದನ್ನ ಹಾಕು. ಇದು ಸವದದ್ದೈತಿ, ಎಣ್ಣಿ ಹತ್ತಿದ್ರೂ ನಡೀತೈತಿ."

ರೇವವ್ವ ಕೈ ಹಿಂದಕ್ಕೆಳೆದುಕೊಂಡಳು. "ಇದು ಯಾರ ಕೊಳ್ಳಾಗಿಂದು? ಯಾರವ್ವಂದು? ಹೇಳ್ರಿ! ಯಾರದೋ ತವರಿಂದು ತಂದು ನಮ್ಮಕ್ಕನ ಉಡ್ಯಾಗ ಹಾಕಲೇನು? ಇಟಲಿ ದೊರಿಗಳ ಹೆಸರು ನೆನಪದಾವು. ಹಾಸಿಗಿ ಹಂಚಿಕೊಂಡಾಕಿ ಕೊಳ್ಳಾಗಿನವು ಯಾವು ಅಂತ ನೆನಪಿಲ್ಲ. ಥೂ ನಿಮ್ಮ! ಮುಚ್ಚರಿ ಅದನ್ನ."

ಅದೇ ಅವ್ವನ ಪುತಳಿ ಇದ್ದರೂ ಇರಬಹುದಿತ್ತು. ಹೇಳುವವಳು ಮುಂದೆಯೇ ಕೂತಿದ್ದಳು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಯಿ ಮುಚ್ಚಿಕೊಂಡು.

ರೇವವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ಪ್ರತಿ ಸಲ ಬೊಗಸೆ ಎತ್ತಿದಾಗಲೂ "ತಪ್ಪಾತು ಅಕ್ಕಾ" ಎಂದಳು.

*

ಮನೆಯಲ್ಲಿ ಯಾರೂ ಉಳಿಯುವುದಿಲ್ಲವೆಂದು ಶಂಭುಲಿಂಗಪ್ಪ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಹೊಲದ ಕುಣಿಯ ತನಕ ಬಂದ. ಹೊಳಬಸಪ್ಪ ಬೆಳಿಗ್ಗೆಯಿಂದ ಅಗೆದ ಕರಿಮಣ್ಣು ಎರಡೂ ಬದಿಗೆ ಗುಡ್ಡೆಯಾಗಿತ್ತು. ಗುರವ್ವನನ್ನು ಒಳಗೆ ಕೂಡಿಸಿದರು. ಅಯ್ಯನವರು ಮಂತ್ರ ಮುಗಿಸಿ, ಪತ್ರಿ ಏರಿಸಿ, ಮೇಲೆ ನೋಡಿದರು.

"ಯಜಮಾನ್ರ, ಬರ್ರಿ. ಮೊದಲಿನ ಮಣ್ಣು ನಿಮ್ಮದು. ಎರಡೂ ಕೈಲೆ, ಬೊಗಸಿ ತುಂಬ."

ಶಂಭುಲಿಂಗಪ್ಪ ಪೆಟ್ಟಿಗೆಯನ್ನು ಮಗನತ್ತ ಚಾಚಿದ. "ಈರಪ್ಪಾ, ಒಂದು ಗಳಿಗಿ ಹಿಡಿ."

ಈರಪ್ಪ ಕೈ ಹಿಂದೆ ಕಟ್ಟಿಕೊಂಡ.

ಶಂಭುಲಿಂಗಪ್ಪ ಹೊಳಬಸಪ್ಪನ ಕಡೆ ತಿರುಗಿದ. "ನನ್ನ ಕೈ ಮಣ್ಣಾಗ್ಯಾವ್ರಿ" ಎಂದ ಹೊಳಬಸಪ್ಪ. ಬಾಜೂಕಿನವರು ಒಂದು ಹೆಜ್ಜೆ ಹಿಂದೆ ಸರಿದರು.

"ನೆಲದ ಮ್ಯಾಲ ಇಡ್ರಿ" ಎಂದರು ಅಯ್ಯನವರು.

ಅವನು ನೆಲ ನೋಡಿದ. ಸುತ್ತ ನಿಂತವರ ಕಾಲು ನೋಡಿದ. ಇಡಲಿಲ್ಲ.

ರೇವವ್ವ ಬಗ್ಗಿ ಎರಡೂ ಕೈ ತುಂಬ ಮಣ್ಣೆತ್ತಿ ಅಕ್ಕನ ಉಡಿಗೆ ಹಾಕಿದಳು. ಹಿಂದೆಯೇ ಈರಪ್ಪ ಹಾಕಿದ. ಆಮೇಲೆ ಊರವರು ಒಬ್ಬೊಬ್ಬರಾಗಿ ಹಾಕಿದರು. ಹೊಳಬಸಪ್ಪ ಸಲಿಕೆ ಎತ್ತಿಕೊಂಡ. ಮಣ್ಣು ಗುರವ್ವನ ಹೆಗಲಿಗೆ ಬಂದಾಗಲೂ ಶಂಭುಲಿಂಗಪ್ಪ ಪೆಟ್ಟಿಗೆ ಚಾಚಿಕೊಂಡು, ಹಿಡಿಯುವವರು ಯಾರಾದರೂ ಸಿಕ್ಕಾರೇನೋ ಎಂದು ಒಂದೊಂದೇ ಮುಖ ನೋಡುತ್ತಿದ್ದ.