ಕಮ್‌ಹೋಳ ಮನೆಯವರು

ಶೋಕದ ಸೆಣಬಿನ ನಿಲುವಂಗಿಗೆ ವಾಯ್‌ಸಮ್ ಕೈ ಹಾಕಿದ್ದೇ ತಡ, ಲಿನ್ ಅಕ್ಕ ಅದನ್ನು ಕಸಿದುಕೊಂಡಳು.

“ಬುದ್ಧಿ ಇದೆಯೇನೇ ನಿಂಗೆ? ಹೆತ್ತ ತಾಯಿ ಗುಂಡುಕಲ್ಲಿನ ಹಾಗಿರುವಾಗ ಇನ್ನೊಬ್ಬಳಿಗೆ ಮಗಳಾಗಿ ಇದನ್ನ ಹಾಕ್ಕೊಳ್ತಾರಾ? ನಿಮ್ಮಮ್ಮಂಗೆ ಅಪಶಕುನ.”

“ಮತ್ತೆ ಅವಳ ಪಕ್ಕ ಯಾರು ಮಂಡಿಯೂರ್ತಾರೆ ಅಕ್ಕಾ?”

ಶವಪೆಟ್ಟಿಗೆಯಲ್ಲಿ ಮಲಗಿದ್ದ ಕಮ್‌ಹೋ ಹತ್ತೊಂಬತ್ತಕ್ಕೇ ಮದುಮಗಳಿಗೆ ಬೇರೆಯವರು ಕಟ್ಟುವ ತುರುಬನ್ನು ತಾನೇ ಕಟ್ಟಿಕೊಂಡು, ಜನ್ಮದಲ್ಲಿ ಮದುವೆಯಾಗೆನೆಂದು ದೇವರೆದುರು ಆಣೆಯಿಟ್ಟು, ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಬಂದವಳು. ಲಿನ್ ಅಕ್ಕ ಅವಳ ಜೊತೆಗೇ ಆಣೆಯಿಟ್ಟ ಗೆಳತಿ. ಓರಗೆಯವಳು ಮಂಡಿಯೂರುವಂತಿಲ್ಲ, ಅದು ಮಕ್ಕಳ ಕೆಲಸ. ಕಮ್‌ಹೋ ಸಾಕಿದ್ದು ಯಜಮಾನಿಯ ಮಗಳು ವಾಯ್‌ಸಮ್‌ಳನ್ನು ಮಾತ್ರ. ಮನೆಯವರ ಜಾಗ ಖಾಲಿಯಿದ್ದರೆ, ಬಂದವರ ನಮಸ್ಕಾರಕ್ಕೆ ಮರುನಮಸ್ಕಾರ ಮಾಡುವವರೇ ಇಲ್ಲ. ದಿಕ್ಕಿಲ್ಲದ ಹೆಣ ಅನ್ನಿಸಿಕೊಂಡು ಹೋಗಬೇಕು.

“ಅಮ್ಮ ಒಪ್ಪಿದ್ರೆ?”

“ಅಷ್ಟು ದೊಡ್ಡ ಸಿನಿಮಾ ತಾರೆ, ಕೆಲಸದವಳ ಹೆಣಕ್ಕೆ ಮಗಳನ್ನ ಕೊಡ್ತಾಳಾ? ಬಿಡು ಬಿಡು.”

*

ವಾಯ್‌ಸಮ್‌ಗೆ ಎಂಟು ವರ್ಷವಾಗಿದ್ದಾಗಿನ ಮಾತು. ಸ್ಟುಡಿಯೋದಲ್ಲಿ ಎಂಟು ಬಾಡಿಗೆದಾರ ಸಂಸಾರಗಳು ಹಂಚಿಕೊಳ್ಳುವ ಅಡುಗೆಮನೆಯ ಸೆಟ್ಟು. ಅಮ್ಮ ಮಾನ್‌ಫೋಂಗ್ ತೇಪೆ ಹಾಕಿದ ಬಟ್ಟೆಯಲ್ಲಿ ಬಡಸೊಸೆ. ಅಳುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಅಕ್ಕಿ ತೊಳೆ ಎಂದರೆ ನೀರಿನ ಜೊತೆ ಅಕ್ಕಿಯನ್ನೂ ಚೆಲ್ಲಿದಳು. ಒಂದಲ್ಲ, ಮೂರು ಸಲ. ನಿರ್ದೇಶಕ ತಲೆ ಚಚ್ಚಿಕೊಂಡ.

“ಕಮ್‌ಹೋ, ನೀನು ಬಾರಮ್ಮ. ಕೈ ಮಾತ್ರ ಸಾಕು.”

ಪರದೆಯ ಮೇಲೆ ಅಮ್ಮನ ಮುಖ, ಕಮ್‌ಹೋಳ ಕೈ. ಚಿತ್ರಮಂದಿರದಲ್ಲಿ ಹಿಂದಿನ ಸಾಲಿನ ಹೆಂಗಸರು ಮೂಗೊರೆಸಿಕೊಂಡರು. “ಪಾಪ, ಕೈ ನೋಡೇ. ಎಷ್ಟು ದುಡಿದಿದ್ದಾಳೋ.” ವಾಯ್‌ಸಮ್ ಬಾಯಿ ತೆರೆದಳು; ಕಮ್‌ಹೋ ಅದರೊಳಗೆ ಉಪ್ಪು ಹಾಕಿ ಒಣಗಿಸಿದ ಪ್ಲಮ್ ತುರುಕಿದಳು.

“ಸುಮ್ನಿರು. ನಿಮ್ಮಮ್ಮನ ಮಾನ ತೆಗೀಬೇಡ.”

*

ಮಧ್ಯಾಹ್ನ ಮಾನ್‌ಫೋಂಗ್ ಊದುಬತ್ತಿಯ ಹೊಗೆ ತುಂಬಿದ, ಶವವಿಟ್ಟಿದ್ದ ಕೋಣೆಗೆ ಬಂದಳು. ನಿಲುವಂಗಿ ತೊಡಲೇ ಎಂದು ವಾಯ್‌ಸಮ್ ನೇರವಾಗಿ ಕೇಳಿಯೇಬಿಟ್ಟಳು.

“ನಾನಿನ್ನೂ ಇದ್ದೀನಲ್ಲೇ,” ಎಂದಳು ತಾಯಿ.

“ನೀನಿದ್ದೀಯ ಅಮ್ಮ. ಅವಳಿಗೇ ಯಾರೂ ಇಲ್ಲ.”

ಮಾನ್‌ಫೋಂಗ್ ಪೆಟ್ಟಿಗೆಯತ್ತ ನೋಡಿದಳು. ಅವಳಿಗೆ ಹೊಟ್ಟೆಕಿಚ್ಚಾಗಿತ್ತು; ಅದು ಮಗಳಿಗೂ ಕಂಡಿತು.

“ನಂಗೆ ಜ್ವರ ಬಂದಾಗ ನಿನ್ನ ಎತ್ಕೊಳ್ತಿದ್ದೋಳು ಅವಳು,” ಎಂದಳು. “ಜ್ವರ ಇಲ್ದಾಗ್ಲೂ ಅವಳೇ. ಹಾಕ್ಕೋ ಹೋಗು.”

“ಅಪಶಕುನ ಅಮ್ಮಾವ್ರೇ,” ಎಂದಳು ಲಿನ್ ಅಕ್ಕ.

“ಸಿನಿಮಾದಲ್ಲಿ ನಲವತ್ತು ಸಲ ಸತ್ತಿದ್ದೀನಿ ಲಿನ್. ಏನೂ ಆಗ್ಲಿಲ್ಲ.”

ವಾಯ್‌ಸಮ್ ನಿಲುವಂಗಿ ತೊಟ್ಟು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ತಾಯಿ ಬಂದು ಪಕ್ಕದಲ್ಲಿ ನಿಲ್ಲುವಳೆಂದುಕೊಂಡಿದ್ದಳು. ಮಾನ್‌ಫೋಂಗ್ ಹಾಗೆ ಮಾಡಲಿಲ್ಲ. ಬಂದವರ ಸಾಲಿನ ತುದಿಗೆ ಹೋಗಿ, ಅಕ್ಕಪಕ್ಕದ ಮನೆಗಳ ಕೆಲಸದವರ ಹಿಂದೆ ನಿಂತಳು. ಸರದಿ ಬಂದಾಗ ಊದುಬತ್ತಿ ಹಿಡಿದು, ಕಮ್‌ಹೋಳಿಗೆ ಮೂರು ಸಲ ಬಗ್ಗಿದಳು.

“ಮನೆಯವರಿಂದ ಮರುನಮಸ್ಕಾರ,” ಎಂದು ಕೂಗಿದ ಕಾರ್ಯ ನಡೆಸುವವನು.

ವಾಯ್‌ಸಮ್ ತನ್ನ ತಾಯಿಯ ಕಡೆ ತಿರುಗಿ, ಬಂದ ಅತಿಥಿಗೆ ಮಾಡುವಂತೆ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು.