ಎಡಗೈಯೊಳಗಿನ ಯಂಕಣ್ಣ

ಸತ್ತುಹೋದ ಹಿರಿಮಗ ಯಂಕಣ್ಣ ಕಿರಿಮಗನ ಎಡಗೈಯೊಳಗೆ ಬಂದು ಕೂತಿದ್ದಾನೆ ಎಂಬುದರಲ್ಲಿ ಮರಗಮ್ಮನಿಗೆ ಅನುಮಾನವೇ ಇರಲಿಲ್ಲ.

ಮನೆಮಂದಿಯೆಲ್ಲ ದುಡಿಯಲು ಬಂದಿದ್ದ ಮಹಾನಗರದಲ್ಲಿ, ಸೀವುಡ್ಸ್ ಎಂಬಲ್ಲಿ, ಯಂಕಣ್ಣ ಕಟ್ಟುತ್ತಿದ್ದ ಬಿಲ್ಡಿಂಗಿನ ಮೇಲಿಂದ ಬಿದ್ದು ಸತ್ತ. ಅದೇ ವರ್ಷ ಕಿರಿಮಗ ಮಾನಪ್ಪನ ಕಿಡ್ನಿಗಳೆರಡೂ ಕೆಟ್ಟವು. ಡಯಾಲಿಸಿಸ್ ಸೂಜಿ ಚುಚ್ಚಲು ಗಟ್ಟಿ ಜಾಗ ಬೇಕೆಂದು ವಾಶಿಯ ಆಸ್ಪತ್ರೆಯಲ್ಲಿ ಅವನ ಎಡ ಮುಂಗೈಯ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದು, ಫಿಸ್ಟುಲಾ ಎಂದರು. ಅಂದಿನಿಂದ ಆ ಕೈ ಗುಂಯ್‌ಗುಡತೊಡಗಿತು. ಮುಟ್ಟಿದರೆ ಚರ್ಮದಡಿ ಜೀರುಂಡೆ ಸಿಕ್ಕಿಕೊಂಡಂತೆ ಅದುರುತ್ತಿತ್ತು. ಮರಗಮ್ಮ ಒಮ್ಮೆ ಕಿವಿ ಹಚ್ಚಿದಳು.

"ಯಂಕ್ಯಾ, ನೀ ಏನೋ?"

ಮಾನಪ್ಪನಿಗೆ ನಗು ಬಂತು. "ಏನಂತಾನಬೇ ಅಣ್ಣ?"

"ಅಲ್ಲಿ ಥಂಡಿ ಭಾಳ ಅದ ಅಂತಾನ."

ಅವನು ಕೈಯನ್ನು ಚಾದರದೊಳಗೆ ಎಳೆದುಕೊಂಡ.

ಮಾನಪ್ಪನ ಹೆಂಡತಿ ದಾನೇಶ್ವರಿ ತುರ್ಭೆ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಳು. ಕೋಪರಖೈರಣೆಯ ಖೋಲಿಗೆ ಮರಳಿದಾಗಲೆಲ್ಲ ಬಾಗಿಲಾಚೆಯೇ ಅತ್ತೆಯ ಮಾತು ಕೇಳಿಸುತ್ತಿತ್ತು. ಮರಗಮ್ಮ ಒಂದು ಮಾತು ಕೇಳುವಳು, ಸುಮ್ಮನಾಗುವಳು. ಯಾರೋ ಉತ್ತರ ಕೊಟ್ಟು ಮುಗಿಸಲು ಹಿಡಿಯುವಷ್ಟೇ ಹೊತ್ತು. ಮತ್ತೆ, "ಹೂಂ, ಆಮ್ಯಾಲ?" ಎನ್ನುವಳು. ಆ ಸುಮ್ಮನಿರುವ ಹೊತ್ತು ದಾನೇಶ್ವರಿಗೆ ಸಹಿಸಲಾಗುತ್ತಿರಲಿಲ್ಲ.

ಆ ಮಧ್ಯಾಹ್ನ ಬಾಗಿಲಾಚೆ ಏನೂ ಕೇಳಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ಮಾನಪ್ಪ ಬಿ.ಪಿ. ಇಳಿದು ಸತ್ತಂತೆ ಮಲಗಿದ್ದ. ಮರಗಮ್ಮ ಅವನ ಎಡಗೈಯನ್ನೇ ದಿಂಬು ಮಾಡಿಕೊಂಡು, ತಲೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದಳು. ಅವಳ ಕಣ್ಣು ತೆರೆದೇ ಇತ್ತು.

"ಹ್ವಾದ," ಎಂದಳು. "ಮಾತಾಡ್ಕೋತ ಮಾತಾಡ್ಕೋತನೇ ಸುಮ್ಮಾದ."

ದಾನೇಶ್ವರಿ ಅತ್ತೆಯನ್ನು ಸರಿಸಿ ಗಂಡನ ಮೂಗಿನ ಬಳಿ ಕೈ ಹಿಡಿದಳು. ಉಸಿರಿತ್ತು. ಆಮೇಲೆ ಆಸ್ಪತ್ರೆಯ ನರ್ಸ್ ಕಲಿಸಿದಂತೆ ಹೊಲಿಗೆಯ ಗುರುತಿನ ಮೇಲೆ ಬೆರಳಿಟ್ಟಳು. ಅದುರುತ್ತಿರಲಿಲ್ಲ. ಕಿವಿ ಹಚ್ಚಿದಳು. ಗೋಡೆಗೆ ಹಚ್ಚಿದಂತಿತ್ತು. ಉಬ್ಬಿದ ನಾಳ ಒಣಗಿದ ಹಗ್ಗದ ಹಾಗೆ ಗಟ್ಟಿಯಾಗಿತ್ತು.

"ಏಳ್ರಿ! ಕೈ ಬಂದ್ ಆಗ್ಯಾದ. ದವಾಖಾನಿಗೆ ನಡೀರಿ."

"ತಡಿಯವ್ವ, ಬರ್ತಾನ," ಎಂದಳು ಮರಗಮ್ಮ. "ಉಣ್ಣಾಕ ಹೋಗಿರಬೇಕು."

ದಾನೇಶ್ವರಿ ತಡೆಯಲಿಲ್ಲ. ಬಲಗೈಯ ನಾಳಗಳು ಸಲೈನ್ ಚುಚ್ಚಿಸಿಕೊಂಡೇ ಹಾಳಾಗಿದ್ದವು. ಕುತ್ತಿಗೆಗೆ ನಳಿಗೆ ಹಾಕಿದ್ದಾಗ ಕೀವಾಗಿ ಮಾನಪ್ಪ ಸಾಯುವುದೊಂದು ಬಾಕಿಯಿತ್ತು. ಈ ಕೈ ಹೋದರೆ ರಕ್ತ ತೊಳೆಯಲು ದಾರಿಯೇ ಇರಲಿಲ್ಲ. ರಿಕ್ಷಾ ಹಿಡಿದಳು. ಮರಗಮ್ಮ ಕರೆಯದೆಯೇ ಹತ್ತಿ ಕೂತಳು.

ಡಾಕ್ಟರ್ ರಘುಪತಿ ಉಡುಪಿ ಕಡೆಯವರು. ಸ್ಟೆತಸ್ಕೋಪ್ ಇಟ್ಟು, ಬೆರಳಿಟ್ಟು, ತಲೆಯಾಡಿಸಿದರು. "ಯಾವಾಗ ನಿಂತದ್ದು?"

"ಮುಂಜಾನಿ ಇತ್ರೀ. ನಾನೇ ಕೈಯಿಟ್ಟು ನೋಡೀನಿ."

"ಬೇಗ ಬಂದದ್ದು ಒಳ್ಳೇದಾಯ್ತು. ನಾಳೆ ಬಂದಿದ್ರೆ ಒಳಗೆ ಕಲ್ಲಾಗಿರ್ತಿತ್ತು. ಕೈ ಮೇಲೆ ಭಾರ ಬಿತ್ತಾ? ಬಿ.ಪಿ. ಇಳಿದಾಗ ಒತ್ತಿದ್ರೆ ರಕ್ತ ಹೆಪ್ಪುಗಟ್ತದೆ."

ದಾನೇಶ್ವರಿ ಅತ್ತೆಯನ್ನು ನೋಡಿದಳು. "ಹಿಂಗ ಕಿವಿ ಕೊಟ್ಟ ಮಲಗ್ತಾಳ್ರೀ."

"ಎಂತ ಅಜ್ಜಿ, ಇದೇನು ರೇಡಿಯೋನಾ?"

ಕೈಯಷ್ಟೇ ಮರಗಟ್ಟುವಂಥ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು, ತುದಿಯಲ್ಲಿ ಪುಟ್ಟ ಬಲೂನಿದ್ದ ತೆಳು ನಳಿಗೆಯನ್ನು ನಾಳದೊಳಗೆ ತೂರಿಸಿದರು. ಬಲೂನು ಉಬ್ಬಿಸಿ ಹಿಂದಕ್ಕೆಳೆದಾಗ ಹೆಪ್ಪು ಹೊರಬಂತು. ಕಪ್ಪಗೆ, ಉದ್ದಕ್ಕೆ, ಜಿಗಣೆಯ ಹಾಗೆ. ಇನ್ನೊಮ್ಮೆ ಎಳೆದರು. ಕೈ ನಡುಗಿ ಗುಂಯ್‌ಗುಟ್ಟಿತು.

ಹೊರಗೆ ತಂದು ಮಲಗಿಸಿದಾಗ ಡಾಕ್ಟರೇ ಸ್ಟೆತಸ್ಕೋಪಿನ ತುದಿಗಳನ್ನು ಮರಗಮ್ಮನ ಕಿವಿಗೆ ಸಿಕ್ಕಿಸಿದರು. "ಕೇಳಿ ಅಜ್ಜಿ. ಆದ್ರೆ ಇನ್ನು ತಲೆ ಇಡ್ಲಿಕ್ಕಿಲ್ಲ."

ಮರಗಮ್ಮ ಬಹಳ ಹೊತ್ತು ಕೇಳಿದಳು. ಮುಖ ಸಣ್ಣಗಾಯಿತು.

"ಇಂವ ಯಂಕ್ಯಾ ಅಲ್ಲ. ಯಾರೋ ನೀ?"

"ನಾನಬೇ," ಎಂದ ಮಾನಪ್ಪ. "ಮಾನಪ್ಪ."

ಅವಳು ಅವನ ಮುಖ ನೋಡಲಿಲ್ಲ. ಸ್ಟೆತಸ್ಕೋಪ್ ಕಿತ್ತು ಡಾಕ್ಟರ ಕೈಗಿಟ್ಟಳು.

"ಹಂಗಾದ್ರ ಅಂವ ಎಲ್ಲಿ ಹ್ವಾದ?"

ಸೊಂಟ ಬಗ್ಗಿಸಿ ಮಂಚದ ಕೆಳಗೆ ಇಣುಕಿದಳು. ಒಂದು ಮಾತು ಕೇಳಿದಳು, ಸುಮ್ಮನಾದಳು. ಡಾಕ್ಟರು ನಕ್ಕರು. "ಹೂಂ, ಆಮ್ಯಾಲ?" ಎಂದಳು ಮರಗಮ್ಮ.

ಮಂಚದ ತುದಿಯಲ್ಲಿ ಕೂತಿದ್ದ ದಾನೇಶ್ವರಿ, ಕೆಳಗೆ ಇಳಿಬಿದ್ದಿದ್ದ ಗಂಡನ ಎಡಗೈಯನ್ನು ಮೆಲ್ಲಗೆ ಎತ್ತಿ ಅವನ ಎದೆಯ ಮೇಲಿಟ್ಟು, ತನ್ನ ಕಾಲುಗಳನ್ನೂ ನೆಲದಿಂದ ಮೇಲೆತ್ತಿಕೊಂಡಳು.